ಸಗಣಿಯಿಂದ ಹಸಿಕಸಕ್ಕೆ: ಗೋಬರ್ ಗ್ಯಾಸ್ ನಡೆದು ಬಂದ ದಾರಿ

ಭಾರತದಲ್ಲಿ ಗೋಬರ್ ಗ್ಯಾಸ್ ಹಳ್ಳಿಗಳಿಗೆ ಹಬ್ಬಿದ್ದು 1960ರ ದಶಕದಲ್ಲಿ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಪ್ರಚಾರದಿಂದ. 1981ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಯೋಜನೆಯೂ ಜೊತೆಗೂಡಿತು.

ಕರ್ನಾಟಕದಲ್ಲಿ ದೊಡ್ಡ ಪ್ರಯೋಗ ನಡೆದದ್ದು ಚಿತ್ರದುರ್ಗದ ನೆರೆಯ ತುಮಕೂರು ಜಿಲ್ಲೆಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ತಂಡವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಸ್ಥಾವರ ಸ್ಥಾಪಿಸಿತು. 1987ರಿಂದ ಅದರ ಅನಿಲ ಎಂಜಿನ್ ಓಡಿಸಿ ಮನೆಗಳಿಗೆ ಬೆಳಕು, ನಲ್ಲಿಗೆ ಕೊಳವೆಬಾವಿಯ ನೀರು ಕೊಟ್ಟಿತು. ಸಗಣಿ ತಂದವರಿಗೆ ಹಣ ಸಿಗುತ್ತಿತ್ತು, ಅನಿಲ ತೆಗೆದ ಮೇಲೆ ಉಳಿದ ಬಗ್ಗಡವೂ ಗೊಬ್ಬರವಾಗಿ ಮರಳುತ್ತಿತ್ತು.

ಮುಂದಿನ ಹೆಜ್ಜೆ ಹಸಿಕಸದ್ದು. 2003ರ ವೇಳೆಗೆ ಪುಣೆಯ ‘ಆರ್ತಿ’ ಸಂಸ್ಥೆ ಅಡುಗೆಮನೆಯ ಕಸಕ್ಕೆ ಒಗ್ಗುವ ಚಿಕ್ಕ ಸ್ಥಾವರ ರೂಪಿಸಿತು. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ ಸರಾಸರಿ 100 ಕೆ.ಜಿ.ಗೂ ಹೆಚ್ಚು ಕಸ ಹುಟ್ಟಿಸುವ ಪೂಜಾಸ್ಥಳಗಳನ್ನೂ ದೊಡ್ಡ ಉತ್ಪಾದಕರ ಪಟ್ಟಿಗೆ ಸೇರಿಸಿದವು.

ಇಂಥ ಸ್ಥಳಗಳ ದಾಸೋಹದಲ್ಲಿ ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆಗಳನ್ನು ಅರೆದು ನೀರು ಬೆರೆಸಿ ಗಾಳಿಯಾಡದ ತೊಟ್ಟಿಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಮೀಥೇನ್ ಹೊರಡಿಸುತ್ತವೆ. ತೆಂಗಿನ ಚಿಪ್ಪು, ನಾರು, ಹೂಮಾಲೆಯ ದಾರ ಕರಗವು. ಅವನ್ನು ಮೊದಲೇ ಬೇರ್ಪಡಿಸಬೇಕು. ಹುಳಿ ಅತಿಯಾದರೆ ಅನಿಲ ನಿಲ್ಲುತ್ತದೆ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಹಿರಿಯೂರಿನ ತೇರುಮಲ್ಲೇಶ್ವರ ರಥೋತ್ಸವಗಳಿಗೆ ಜನಸಾಗರ ಸೇರುವ ಚಿತ್ರದುರ್ಗ ಸೀಮೆಗೆ ಇದು ಹೊಂದುವ ವಿದ್ಯೆ. ಒಲೆಗೆ ಅನಿಲ, ಹೊಸದುರ್ಗ, ಹೊಳಲ್ಕೆರೆಯ ತೆಂಗು ಅಡಿಕೆ ತೋಟಗಳಿಗೆ ಗೊಬ್ಬರ: ಎರಡೂ ಒಂದೇ ತೊಟ್ಟಿಯಿಂದ ದೊರೆಯುತ್ತವೆ. ಅನ್ನವನ್ನು ಪ್ರಸಾದವೆಂದು ಕಾಣುವ ಕ್ಷೇತ್ರಗಳು ಅದರ ಶೇಷವನ್ನೂ ತಿಪ್ಪೆಗೆ ಬಿಡಬಾರದು.