ಮದುವೆಯ ವಯಸ್ಸೂ ಮಕ್ಕಳ ಸಂಖ್ಯೆಯೂ

1930ನೆಯ ಇಸವಿ ಏಪ್ರಿಲ್ 1ರಂದು ಬ್ರಿಟಿಷ್ ಇಂಡಿಯಾದಲ್ಲಿ ಒಂದು ಕಾಯಿದೆ ಜಾರಿಗೆ ಬಂದಿತು. ಹದಿನಾಲ್ಕು ತುಂಬದ ಹೆಣ್ಣಿಗೂ ಹದಿನೆಂಟು ತುಂಬದ ಗಂಡಿಗೂ ಮದುವೆ ಮಾಡುವುದು ಅಪರಾಧವೆಂದು ಅದು ಸಾರಿತು. ಮಸೂದೆಯನ್ನು ಮಂಡಿಸಿದ ಹರಬಿಲಾಸ ಸಾರದಾ ಅವರ ಹೆಸರಿನಿಂದ ನಮ್ಮ ಜನ ಅದನ್ನು ಶಾರದಾ ಕಾಯಿದೆ ಎಂದೇ ಕರೆದರು. ಧಾರವಾಡ, ಬಿಜಾಪುರ, ಬಳ್ಳಾರಿ, ಮಂಗಳೂರುಗಳಿಗೆ ಅದು ಅನ್ವಯಿಸಿತು. ಅರಸರ ಆಳ್ವಿಕೆಯಲ್ಲಿದ್ದ ಮೈಸೂರಿಗೆ ಅನ್ವಯಿಸಲಿಲ್ಲ. ಆದರೆ ಅದೇ ವರ್ಷದ ಜೂನ್ ತಿಂಗಳಲ್ಲಿ ಮೈಸೂರು ಸರ್ಕಾರ ಬೇರೊಂದು ಆಜ್ಞೆಯನ್ನು ಹೊರಡಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಬೇಕೆಂಬುದು ಅದರ ಸಾರ. ಜಗತ್ತಿನಲ್ಲಿ ಒಂದು ಸರ್ಕಾರ ತಾನಾಗಿಯೇ ಇಂಥ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲೆಂದು ಹೇಳುವುದುಂಟು.

ಎರಡು ತಿಂಗಳ ಅಂತರದಲ್ಲಿ ಹೀಗೆ ಎರಡು ದಾರಿಗಳು ತೆರೆದುಕೊಂಡವು. ಒಂದು ಮದುವೆಯನ್ನೇ ಮುಂದಕ್ಕೆ ಹಾಕುವ ದಾರಿ, ಇನ್ನೊಂದು ಮದುವೆಯಾದ ಮೇಲೆ ಹೆರಿಗೆಗಳನ್ನು ಮಿತಿಗೊಳಿಸುವ ದಾರಿ. ಹೆಣ್ಣು ಎಷ್ಟನೆಯ ವಯಸ್ಸಿನಲ್ಲಿ ಮದುವೆಯಾಗುತ್ತಾಳೆಂಬುದಕ್ಕೂ ಆಕೆ ಎಷ್ಟು ಮಕ್ಕಳನ್ನು ಹೆರುತ್ತಾಳೆಂಬುದಕ್ಕೂ ಇರುವ ನಂಟು ನಿಜವಾಗಿ ಎಂಥದು?

ಮೇಲುನೋಟಕ್ಕೆ ಉತ್ತರ ಸುಲಭ. ಹೆಣ್ಣಿನ ಸಂತಾನಶಕ್ತಿ ಇಪ್ಪತ್ತರ ಆಸುಪಾಸಿನಲ್ಲಿ ತುಂಬಿ ನಿಂತು, ಮೂವತ್ತರ ನಂತರ ಮೆಲ್ಲಗೆ ಇಳಿಯುತ್ತ, ಮೂವತ್ತೈದು ದಾಟಿದ ಮೇಲೆ ಬೇಗ ಬೇಗ ಕುಗ್ಗಿ, ನಲವತ್ತೈದರ ಹೊತ್ತಿಗೆ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಹೆರಿಗೆಯನ್ನು ತಡೆಯುವ ಉಪಾಯ ತಿಳಿಯದ ಸಮಾಜದಲ್ಲಿ ತುಂಬುಪ್ರಾಯದ ಐದು ವರ್ಷ ಮದುವೆ ತಡವಾದರೆ ಸುಮಾರು ಎರಡು ಮಕ್ಕಳು ಕಡಿಮೆಯಾದಂತೆ. ಅಂಥಲ್ಲಿ ಮದುವೆಯ ವಯಸ್ಸೇ ಕೆರೆಯ ತೂಬು.

ಇಂಗ್ಲೆಂಡಿನ ಇತಿಹಾಸ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿಯ ಚರ್ಚುಗಳು 1538ರಿಂದ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ದಾಖಲೆ ಮಾಡುತ್ತ ಬಂದಿವೆ. ರಿಗ್ಲಿ ಮತ್ತು ಸ್ಕೋಫೀಲ್ಡ್ ಎಂಬ ಇಬ್ಬರು ವಿದ್ವಾಂಸರು 404 ಊರುಗಳ ಇಂಥ ದಾಖಲೆಗಳನ್ನು ಆಧರಿಸಿ 1981ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಹೆಣ್ಣು ಮೊದಲ ಸಲ ಮದುವೆಯಾಗುತ್ತಿದ್ದುದು ಸರಾಸರಿ ಇಪ್ಪತ್ತಾರರ ಸುಮಾರಿಗೆ. ಅಲ್ಲಿಯವರೆಗೆ ಪರರ ಮನೆಯಲ್ಲಿ ಊಳಿಗ ಮಾಡಿ, ಬೇರೆ ಸಂಸಾರ ಹೂಡುವಷ್ಟು ಗಂಟು ಕಟ್ಟಿಕೊಳ್ಳಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಗೆ ಈ ವಯಸ್ಸು ಇಪ್ಪತ್ಮೂರು ಇಪ್ಪತ್ನಾಲ್ಕಕ್ಕೆ ಇಳಿಯಿತು. ಮದುವೆಯಾಗದೆ ಉಳಿಯುವವರೂ ಕಡಿಮೆಯಾದರು. 1701ರಲ್ಲಿ ಐವತ್ತು ಲಕ್ಷದ ಸುಮಾರಿಗಿದ್ದ ಜನ 1801ರಲ್ಲಿ ಎಂಬತ್ತೈದು ಲಕ್ಷವನ್ನು ಮೀರಿದ್ದರು. ಈ ಏರಿಕೆಗೆ ಸಾವು ಕಡಿಮೆಯಾದುದಕ್ಕಿಂತ ಮದುವೆ ಬೇಗನಾದುದೇ ದೊಡ್ಡ ಕಾರಣವೆಂದು ಅವರ ತೀರ್ಮಾನ.

ಈ ಲೆಕ್ಕವನ್ನು ನಮ್ಮ ದೇಶಕ್ಕೆ ಹಚ್ಚಿ ನೋಡಿದರೆ ಮಾತ್ರ ಅದು ತಪ್ಪುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಹೆಣ್ಣುಮಕ್ಕಳ ಸರಾಸರಿ ಮದುವೆಯ ವಯಸ್ಸು ಹದಿಮೂರರ ಆಚೀಚೆ. ಮದುವೆಯಾಗದೆ ಉಳಿದವಳು ಇಲ್ಲವೆಂದೇ ಹೇಳಬೇಕು. ಉತ್ತರ ಅಮೆರಿಕದ ಹಟರೈಟರೆಂಬ ಕ್ರೈಸ್ತ ಪಂಗಡದಲ್ಲಿ ಇಪ್ಪತ್ತು ದಾಟಿ ಮದುವೆಯಾದ ಹೆಂಗಸರೂ ಕಳೆದ ಶತಮಾನದ ನಡುವೆ ಸರಾಸರಿ ಹತ್ತಕ್ಕೂ ಮಿಕ್ಕಿ ಮಕ್ಕಳನ್ನು ಹೆತ್ತರು. ಹಾಗಿದ್ದರೆ ನಮ್ಮಲ್ಲಿ ಹನ್ನೆರಡು ಹದಿಮೂರಾದರೂ ಆಗಬೇಕಿತ್ತಲ್ಲ! ಆದರೆ ನಮ್ಮ ಸರಾಸರಿ ಆರರ ಸುಮಾರಿಗೇ ನಿಂತಿತ್ತು.

ಕಾರಣಗಳು ನಮ್ಮ ಮನೆಗಳೊಳಗೇ ಇವೆ. ಮದುವೆಯಾದ ಕೂಸು ಮೈನೆರೆದು ಪ್ರಸ್ತವಾಗುವವರೆಗೆ ತೌರಿನಲ್ಲಿಯೇ ಇರುತ್ತಿತ್ತು. ಮೈನೆರೆದ ಮೇಲೂ ಒಂದೆರಡು ವರ್ಷ ಗರ್ಭ ನಿಲ್ಲುವುದು ವಿರಳವೆಂದು ವೈದ್ಯರು ಹೇಳುತ್ತಾರೆ. ಎಳೆಯ ಮೈಯಲ್ಲಿ ಗರ್ಭ ನಿಂತರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿತ್ತು. ಮಗುವಿಗೆ ಎರಡು ವರ್ಷ, ಒಮ್ಮೊಮ್ಮೆ ಮೂರು ವರ್ಷ ಮೊಲೆಯೂಡುವ ಪದ್ಧತಿ ಹೆರಿಗೆಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಿತ್ತು. ಬಾಣಂತಿಯ ತೌರುವಾಸವೂ ಅದಕ್ಕೆ ಜೊತೆಗೂಡುತ್ತಿತ್ತು.

ಇವೆಲ್ಲಕ್ಕೂ ಮಿಗಿಲಾಗಿ ವೈಧವ್ಯ. ವರ ವಧುವಿಗಿಂತ ಬಹಳ ಹಿರಿಯ. ಪ್ಲೇಗು, ಕಾಲರಾ, ಮಲೇರಿಯಾಗಳ ಕಾಲ. ಅನೇಕ ಜಾತಿಗಳಲ್ಲಿ ಉಡಿಕೆ, ಕೂಡಿಕೆ ಎಂಬ ಮರುಮದುವೆಗಳು ನಡೆಯುತ್ತಿದ್ದವು; ಬ್ರಾಹ್ಮಣರಲ್ಲಿಯೂ ಅವರ ಆಚಾರವನ್ನು ಅನುಸರಿಸಲು ಹೊರಟವರಲ್ಲಿಯೂ ಅದಕ್ಕೆ ಆಸ್ಪದವಿರಲಿಲ್ಲ. ಇಂಗ್ಲೆಂಡು ತನ್ನ ಹೆಣ್ಣಿನ ಸಂತಾನಕಾಲವನ್ನು ಮೊದಲ ತುದಿಯಲ್ಲಿ ಕತ್ತರಿಸಿತು, ನಾವು ಕೊನೆಯ ತುದಿಯಲ್ಲಿ ಕತ್ತರಿಸಿದೆವು ಎನ್ನಬಹುದು. ವಿಧವೆಯರ ಪುನರ್ವಿವಾಹ ನಿಷೇಧದಿಂದ ಜನನಪ್ರಮಾಣ ತಗ್ಗುವುದನ್ನು ಕಿಂಗ್‌ಸ್ಲಿ ಡೇವಿಸ್ ತಮ್ಮ 1951ರ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಅಂಕಿಗಳ ಭಾಷೆಯಲ್ಲಿ ಅದು ಒಂದು ಪರಿಣಾಮ, ಅಷ್ಟೆ. ಅದು ಎಂಥ ಬಾಳಾಗಿತ್ತೆಂಬುದನ್ನು ಕನ್ನಡ ಓದುಗರಿಗೆ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ತಿಳಿಸಿಕೊಟ್ಟಿದೆ. ಮೈನೆರೆಯುವ ಮುನ್ನವೇ ಗಂಡನನ್ನು ಕಳೆದುಕೊಂಡ ಆಕೆ ತಾನು ಹೆರಲಿಲ್ಲ. ಪರರ ಹೆರಿಗೆಗೆ ಕೈನೀಡಿದಳು.

ಮೈಸೂರು ಸಂಸ್ಥಾನದ 1894ರ ಕಾಯಿದೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಎಂಟು ತುಂಬದ ಹುಡುಗಿಯ ಮದುವೆಯನ್ನು ಅದು ನಿಷೇಧಿಸಿತು. ಎಂಟೇ ವರ್ಷವೇ ಎಂದು ಇಂದು ನಾವು ನಗಬಹುದು. ಆದರೆ ಅದರಲ್ಲಿ ಇನ್ನೊಂದು ಮಾತಿತ್ತು: ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ನಾಳಿನ ವಿಧವೆ ಹಸೆಮಣೆಯ ಮೇಲೆಯೇ ಸಿದ್ಧವಾಗುತ್ತಾಳೆಂಬುದನ್ನು ಅರಿತವರು ಬರೆದ ಮಾತು ಅದು. ಮಕ್ಕಳ ಸಂಖ್ಯೆಯ ಚಿಂತೆ ಅಲ್ಲಿಲ್ಲ, ಹುಡುಗಿಯ ಚಿಂತೆಯಿದೆ.

ಶಾರದಾ ಕಾಯಿದೆಯ ಮೊದಲ ಫಲವಂತೂ ವಿಪರೀತವಾಯಿತು. ಜಾರಿಯ ದಿನ ಬರುವುದರೊಳಗೆ ಮದುವೆ ಮುಗಿಸಿಬಿಡಬೇಕೆಂದು ದೇಶದಾದ್ಯಂತ ಜನ ನೂಕುನುಗ್ಗಲಾಗಿ ಲಗ್ನಗಳನ್ನು ಮಾಡಿದರು. 1931ರ ಜನಗಣತಿಯಲ್ಲಿ ಬಾಲಪತ್ನಿಯರ ಸಂಖ್ಯೆ ಹಿಂದಿನದಕ್ಕಿಂತ ಏರಿತ್ತು.

ಸ್ವಾತಂತ್ರ್ಯಾನಂತರ ವಾದದ ನೆಲೆಯೇ ಬದಲಾಯಿತು. ಮದುವೆಯ ವಯಸ್ಸನ್ನು ಏರಿಸಿದರೆ ಜನಸಂಖ್ಯೆಯ ಬೆಳವಣಿಗೆ ತಗ್ಗುವುದೆಂಬ ಲೆಕ್ಕ ಮುಂದೆ ಬಂದಿತು. 1976ರ ಜನಸಂಖ್ಯಾ ನೀತಿ ಅದನ್ನೇ ಹೇಳಿತು. 1978ರಲ್ಲಿ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ಎಂದಾಯಿತು. ಹುಡುಗಿಯ ಹೆಸರಿನಲ್ಲಿ ಹೊರಟ ಮಾತು ಹೀಗೆ ತಲೆಯೆಣಿಕೆಯ ಮಾತಾಯಿತು. ನನಗೆ ಇದು ಲಾಭವೆನಿಸಿಲ್ಲ. ಏಕೆಂದರೆ ಆ ಲೆಕ್ಕ ಬೇರೆ ದಾರಿಯಿಂದ ಸರಿಹೋದರೆ ಹುಡುಗಿಯ ಪರವಾಗಿ ಆಡಲು ಮಾತೇ ಉಳಿಯುವುದಿಲ್ಲ.

ಕರ್ನಾಟಕದಲ್ಲಿ ಆದುದೂ ಹೆಚ್ಚುಕಡಿಮೆ ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಅದೇ ಸಮೀಕ್ಷೆಯಲ್ಲಿ, ಇಪ್ಪತ್ತರಿಂದ ಇಪ್ಪತ್ನಾಲ್ಕರ ವಯಸ್ಸಿನವರಲ್ಲಿ ಐವರಲ್ಲೊಬ್ಬಳು ಹದಿನೆಂಟು ತುಂಬುವ ಮೊದಲೇ ಮದುವೆಯಾದವಳು. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಎಷ್ಟೋ ಜನ ಇಪ್ಪತ್ತೈದು ತುಂಬುವುದರೊಳಗೆ. ಹದಿನೇಳಕ್ಕೆ ಮದುವೆ, ಇಪ್ಪತ್ತೊಂದರೊಳಗೆ ಎರಡು ಹೆರಿಗೆ, ಆಮೇಲೆ 'ಆಪರೇಷನ್'. ಕುಟುಂಬ ಚಿಕ್ಕದಾದದ್ದು 1930ರ ಜೂನ್ ತಿಂಗಳ ದಾರಿಯಿಂದ. ಏಪ್ರಿಲ್ ತಿಂಗಳ ದಾರಿಯಿಂದ ಬಂದದ್ದು ಅದಕ್ಕಿಂತ ಕಡಿಮೆ.

ತಲೆಯೆಣಿಕೆಯವರಿಗೂ ಇಲ್ಲಿ ಒಂದು ತೊಡಕು ಉಳಿದಿದೆ. ಇಬ್ಬರೇ ಮಕ್ಕಳಾದರೂ ಇಪ್ಪತ್ತರ ಸುಮಾರಿಗೆ ಹೆರುವ ಮನೆತನದಲ್ಲಿ ಶತಮಾನಕ್ಕೆ ಐದು ತಲೆಮಾರು ಹುಟ್ಟುತ್ತವೆ. ಇಪ್ಪತ್ತೈದಕ್ಕೆ ಹೆರುವಲ್ಲಿ ನಾಲ್ಕು. ಮೊದಲನೆಯ ಮನೆಯಲ್ಲಿ ನಲವತ್ತು ತುಂಬುವುದರೊಳಗೆ ಅಜ್ಜಿಯಾಗುವ ಹೆಣ್ಣು ಶಾಲೆ ಬಿಟ್ಟದ್ದು ಎಷ್ಟನೆಯ ತರಗತಿಗೆಂಬುದು ಜನನಪ್ರಮಾಣದ ಅಂಕಿಯಲ್ಲಿ ಕಾಣುವುದಿಲ್ಲ. ಕೇಂದ್ರದ 2006ರ ಕಾಯಿದೆಯ ಪ್ರಕಾರ ಬಾಲ್ಯವಿವಾಹವನ್ನು ಅನೂರ್ಜಿತಗೊಳಿಸಬೇಕಾದರೆ ಮದುವೆಗೆ ಒಳಗಾದವರು ನ್ಯಾಯಾಲಯದ ಮೊರೆಹೋಗಬೇಕು. ಕರ್ನಾಟಕ 2017ರಲ್ಲಿ ಜಾರಿಗೆ ಬಂದ ತನ್ನ ತಿದ್ದುಪಡಿಯಿಂದ ಇಂಥ ಮದುವೆ ಮೊದಲಿನಿಂದಲೇ ಅಸಿಂಧುವೆಂದು ಸಾರಿತು.