ಬ್ರೊಕೋಲಿ: ಹಸಿರು ಹೂಕೋಸಿನ ಗುಣವೂ ಮಿತಿಯೂ

ಒಂದು ಕಾಲಕ್ಕೆ ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಷ್ಟೇ ಕಾಣುತ್ತಿದ್ದ ಬ್ರೊಕೋಲಿ ಇಂದು ರಾಜ್ಯದ ನಗರಗಳ ತರಕಾರಿ ಅಂಗಡಿಗಳಲ್ಲಿಯೂ ದೊರೆಯುತ್ತಿದೆ. ಅದರೊಂದಿಗೆ 'ಕ್ಯಾನ್ಸರ್ ನಿವಾರಕ', 'ಸರ್ವರೋಗ ಪರಿಹಾರಿ' ಎಂಬ ಬಿರುದುಗಳೂ ಬಂದಿವೆ. ಈ ಬಿರುದುಗಳಲ್ಲಿ ಸತ್ಯಾಂಶವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಸಸ್ಯಶಾಸ್ತ್ರದ ದೃಷ್ಟಿಯಿಂದ ಬ್ರೊಕೋಲಿ ನಮಗೆ ಅಪರಿಚಿತವೇನಲ್ಲ. ಎಲೆಕೋಸು, ಹೂಕೋಸು, ನವಿಲುಕೋಸುಗಳೆಲ್ಲ ಯಾವ ಪ್ರಭೇದಕ್ಕೆ ಸೇರಿವೆಯೋ ಇದೂ ಅದಕ್ಕೇ ಸೇರಿದೆ. ಇಟಲಿಯಲ್ಲಿ ರೂಢಿಗೆ ಬಂದ ಈ ತಳಿಯ ಹೆಸರೂ ಇಟಾಲಿಯನ್ ಭಾಷೆಯದೇ. ನಾವು ತಿನ್ನುವುದು ಅರಳದ ಮೊಗ್ಗುಗಳ ಗೊಂಚಲನ್ನು.

ಹಸಿ ಬ್ರೊಕೋಲಿಯ 100 ಗ್ರಾಂನಲ್ಲಿ ಸುಮಾರು 89 ಗ್ರಾಂ ನೀರೇ ಇರುತ್ತದೆ. ಅದರಿಂದ ದೊರೆಯುವ ಶಕ್ತಿ ಕೇವಲ 34 ಕ್ಯಾಲೊರಿ. ಪ್ರೋಟೀನ್ ಮತ್ತು ನಾರಿನ ಅಂಶ ತಲಾ ಎರಡೂವರೆ ಗ್ರಾಂಗೆ ಮೇಲ್ಪಟ್ಟು ಇದ್ದು, 'ಸಿ' ಜೀವಸತ್ವ ಸುಮಾರು 89 ಮಿಲಿಗ್ರಾಂ, 'ಕೆ' ಜೀವಸತ್ವ ಸುಮಾರು 100 ಮೈಕ್ರೋಗ್ರಾಂ ಇದೆ. ಗರ್ಭಿಣಿಯರಿಗೆ ಅಗತ್ಯವಾದ ಫೋಲೇಟ್ ಕೂಡ ಸುಮಾರು 63 ಮೈಕ್ರೋಗ್ರಾಂ ಲಭ್ಯ. ವಯಸ್ಕ ಪುರುಷರಿಗೆ ದಿನಕ್ಕೆ 80 ಮಿಲಿಗ್ರಾಂ 'ಸಿ' ಜೀವಸತ್ವ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದೆ. ಆದರೆ ಬೆಟ್ಟದ ನೆಲ್ಲಿಕಾಯಿಯಲ್ಲಿ 'ಸಿ' ಜೀವಸತ್ವ ಇದಕ್ಕಿಂತಲೂ ಹೆಚ್ಚು. ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಹಲವು ಪಟ್ಟು ಅಧಿಕ. ಬ್ರೊಕೋಲಿ ಕೊಳ್ಳಲಾಗದವರು ಚಿಂತಿಸಬೇಕಾದ ಕಾರಣವಿಲ್ಲ.

ಸಲ್ಫೊರಾಫೇನ್ ಎಂಬ ವಿಶೇಷ

ಬ್ರೊಕೋಲಿಗೆ ಕೀರ್ತಿ ತಂದುಕೊಟ್ಟದ್ದು ಜೀವಸತ್ವಗಳಲ್ಲ, ಸಲ್ಫೊರಾಫೇನ್ ಎಂಬ ಗಂಧಕಯುಕ್ತ ಸಂಯುಕ್ತ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಬ್ರೊಕೋಲಿಯಿಂದ ಬೇರ್ಪಡಿಸಿ, ದೇಹದ ವಿಷನಿವಾರಕ ಕಿಣ್ವಗಳನ್ನು ಇದು ಪ್ರಚೋದಿಸುತ್ತದೆಂದು ತೋರಿಸಿದರು. ಮೂರು ದಿನಗಳ ಮೊಳಕೆಯಲ್ಲಿ ಇದರ ಮೂಲವಸ್ತು ಬಲಿತ ಗೆಡ್ಡೆಗಿಂತ 10ರಿಂದ 100 ಪಟ್ಟು ಹೆಚ್ಚಿರಬಹುದೆಂದು 1997ರಲ್ಲಿ ಅದೇ ತಂಡ ವರದಿ ಮಾಡಿತು.

ವಾಯುಮಾಲಿನ್ಯ ತೀವ್ರವಾಗಿರುವ ಚೀನಾದ ಚಿಡಾಂಗ್ ಪ್ರದೇಶದಲ್ಲಿ 291 ಮಂದಿಯ ಮೇಲೆ 12 ವಾರಗಳ ಪ್ರಯೋಗ ನಡೆಯಿತು. ಬ್ರೊಕೋಲಿ ಮೊಳಕೆಯ ಪಾನೀಯ ಸೇವಿಸಿದವರ ದೇಹದಿಂದ ಬೆಂಜೀನ್ ಎಂಬ ವಿಷಕಾರಿ ವಸ್ತು ಮೂತ್ರದ ಮೂಲಕ ಶೇ 61ರಷ್ಟು ಹೆಚ್ಚು ಹೊರಹೋದದ್ದು ಕಂಡುಬಂದಿತೆಂದು 2014ರಲ್ಲಿ ಪ್ರಕಟವಾಯಿತು. ಇದು ಆಶಾದಾಯಕ ಫಲಿತಾಂಶವೇ ಸರಿ. ಆದರೆ ಅಲ್ಲಿ ಅಳೆದದ್ದು ವಿಷವಸ್ತುವಿನ ವಿಸರ್ಜನೆಯನ್ನೇ ಹೊರತು ರೋಗದ ಇಳಿಕೆಯನ್ನಲ್ಲ. ಬ್ರೊಕೋಲಿ ತಿಂದರೆ ಕ್ಯಾನ್ಸರ್ ಬಾರದು, ಬಂದದ್ದು ವಾಸಿಯಾಗುವುದು ಎಂಬುದಕ್ಕೆ ಪುರಾವೆಯಿಲ್ಲ. ಇಂತಹ ಮಾತು ನಂಬಿ ಚಿಕಿತ್ಸೆ ಮುಂದೂಡುವುದು ಪ್ರಾಣಕ್ಕೇ ಎರವಾದೀತು.

ಬೇಯಿಸುವ ಬಗೆ

ಸಲ್ಫೊರಾಫೇನ್ ಗಿಡದಲ್ಲಿ ಸಿದ್ಧವಾಗಿ ಇರುವುದಿಲ್ಲ. ಮೊಗ್ಗನ್ನು ಕತ್ತರಿಸಿದಾಗ ಅಥವಾ ಅಗಿದಾಗ ಜೀವಕೋಶಗಳು ಒಡೆದು, ಮೈರೋಸಿನೇಸ್ ಎಂಬ ಕಿಣ್ವ ಮೂಲವಸ್ತುವಿನೊಡನೆ ಬೆರೆತಾಗ ಅದು ಉತ್ಪತ್ತಿಯಾಗುತ್ತದೆ. ಹೆಚ್ಚು ಶಾಖ ತಗುಲಿದರೆ ಈ ಕಿಣ್ವ ನಾಶ. ಕುದಿಯುವ ನೀರಿನಲ್ಲಿ ಬೇಯಿಸಿದರಂತೂ 'ಸಿ' ಜೀವಸತ್ವವೂ ನೀರಿನ ಪಾಲಾಗುತ್ತದೆ. ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ ನೀರು ಬಸಿದು ಪಲ್ಯ ಮಾಡುವ ಕ್ರಮ ಬ್ರೊಕೋಲಿಗೆ ಒಗ್ಗದು. ಕತ್ತರಿಸಿ ಅರ್ಧ ಗಂಟೆಗೂ ಹೆಚ್ಚು ಕಾಲ ಬಿಟ್ಟು, ನಂತರ ಮೂರು-ನಾಲ್ಕು ನಿಮಿಷ ಹಬೆಯಲ್ಲಿ ಬೇಯಿಸುವುದು ಉತ್ತಮ.

ಬೆಂದ ಬ್ರೊಕೋಲಿಗೆ ಸಾಸಿವೆ ಪುಡಿ ಬೆರೆಸಿದರೆ ಸಲ್ಫೊರಾಫೇನ್ ಮತ್ತೆ ದೊರೆಯುತ್ತದೆಂದು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಿದ್ದಾರೆ. ಸಾಸಿವೆಯಲ್ಲಿಯೂ ಅದೇ ಕಿಣ್ವ ಇರುವುದೇ ಇದಕ್ಕೆ ಕಾರಣ. ಒಗ್ಗರಣೆಯ ಸಾಸಿವೆಯಿಂದ ಈ ಪ್ರಯೋಜನವಿಲ್ಲ; ಕಾದ ಎಣ್ಣೆಯಲ್ಲಿ ಕಿಣ್ವ ಉಳಿಯದು. ಮಲೆನಾಡಿನ ಮನೆಗಳಲ್ಲಿ ಹಸಿ ಸಾಸಿವೆಯನ್ನು ಕಾಯಿಯೊಡನೆ ಅರೆದು ಬೆರೆಸುವ ರೂಢಿಯನ್ನು ಇಲ್ಲಿಯೂ ಅನುಸರಿಸಬಹುದು. ಅಂಗಡಿಯ ಶೀತಲೀಕೃತ ಪೊಟ್ಟಣಗಳಿಗೂ ಈ ಉಪಾಯ ಅನ್ವಯ; ಏಕೆಂದರೆ ಹೆಪ್ಪುಗಟ್ಟಿಸುವ ಮುನ್ನವೇ ಅವನ್ನು ಬಿಸಿನೀರಿಗೆ ಒಡ್ಡಿರುತ್ತಾರೆ.

ಯಾರು ಎಚ್ಚರ ವಹಿಸಬೇಕು?

ಹೃದಯದ ಕವಾಟ ಬದಲಾವಣೆ ಮೊದಲಾದ ಕಾರಣಗಳಿಂದ ವಾರ್ಫರಿನ್, ಅಸಿನೊಕೌಮರಾಲ್ ಮಾತ್ರೆ ಸೇವಿಸುತ್ತಿರುವವರು ಮುಖ್ಯವಾಗಿ ಗಮನಿಸಬೇಕು. ಈ ಔಷಧಗಳು 'ಕೆ' ಜೀವಸತ್ವದ ಕಾರ್ಯವನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ. ಆರೋಗ್ಯಕ್ಕೆ ಒಳ್ಳೆಯದೆಂದು ಏಕಾಏಕಿ ದಿನವೂ ಬಟ್ಟಲುಗಟ್ಟಲೆ ಬ್ರೊಕೋಲಿ ತಿನ್ನತೊಡಗಿದರೆ ಔಷಧದ ಪರಿಣಾಮ ಕುಗ್ಗಬಹುದು. ಪೂರ್ಣ ತ್ಯಜಿಸಬೇಕಾಗಿಲ್ಲ; ಪ್ರಮಾಣ ಏರುಪೇರಾಗದಿರಬೇಕು, ಆಹಾರದ ಬದಲಾವಣೆ ವೈದ್ಯರ ಗಮನಕ್ಕೆ ಬರಬೇಕು.

ಥೈರಾಯ್ಡ್ ಸಮಸ್ಯೆ ಇರುವವರಿಗೆ ಕೋಸಿನ ಜಾತಿಯೇ ವರ್ಜ್ಯವೆಂಬ ನಂಬಿಕೆ ವ್ಯಾಪಕವಾಗಿದೆ. ಅಯೋಡಿನ್‌ಯುಕ್ತ ಉಪ್ಪು ಬಳಸುವವರು ಮಿತವಾಗಿ, ಬೇಯಿಸಿ ತಿಂದರೆ ಸಾಮಾನ್ಯವಾಗಿ ತೊಂದರೆಯಾಗದು. ಹೊಟ್ಟೆಯುಬ್ಬರ ಮಾತ್ರ ಹಲವರಿಗೆ ಉಂಟಾಗುತ್ತದೆ.

ಇನ್ನು ರುಚಿಯ ವಿಷಯ. ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ತಮಗೆ ಬ್ರೊಕೋಲಿ ಹಿಡಿಸದೆಂದು 1990ರಲ್ಲಿ ಬಹಿರಂಗವಾಗಿ ಸಾರಿದಾಗ, ಮುನಿದ ಬೆಳೆಗಾರರು ರಾಜಧಾನಿಗೆ ಟನ್‌ಗಟ್ಟಲೆ ಬ್ರೊಕೋಲಿ ಕಳುಹಿಸಿದ್ದರು. ಕಹಿಯನ್ನು ಗುರುತಿಸುವ ಒಂದು ವಂಶವಾಹಿಯ ಭೇದದಿಂದಾಗಿ ಕೆಲವರಿಗೆ ಈ ಜಾತಿಯ ತರಕಾರಿಗಳು ನಿಜಕ್ಕೂ ಹೆಚ್ಚು ಕಹಿಯೆನಿಸುತ್ತವೆ. ಮಕ್ಕಳು ತಟ್ಟೆ ಸರಿಸಿದರೆ ಅದು ಬರಿಯ ಹಟವೇ ಆಗಿರಬೇಕೆಂದಿಲ್ಲ.

ಕೊಳ್ಳುವಾಗ ಮೊಗ್ಗುಗಳು ಬಿಗಿಯಾಗಿ, ಗಾಢ ಹಸಿರಾಗಿರುವುದನ್ನು ಆರಿಸಿಕೊಳ್ಳಬೇಕು. ಹಳದಿಗೆ ತಿರುಗಿದ್ದರೆ ಕಟಾವಾಗಿ ಬಹಳ ದಿನ ಕಳೆದಿದೆ ಎಂದರ್ಥ. ಸಂದುಗಳಲ್ಲಿ ಹುಳುಗಳಿರುವ ಸಾಧ್ಯತೆಯಿರುವುದರಿಂದ ಉಪ್ಪು ಬೆರೆಸಿದ ನೀರಿನಲ್ಲಿ ಕೆಲಹೊತ್ತು ಮುಳುಗಿಸಿ ತೊಳೆಯಬೇಕು. ದಂಟನ್ನು ಎಸೆಯಬೇಕಾಗಿಲ್ಲ, ಸಿಪ್ಪೆ ಹೆರೆದರೆ ಅದೂ ನವಿಲುಕೋಸಿನಂತೆಯೇ ಪಲ್ಯಕ್ಕೆ ಒದಗುತ್ತದೆ.