ಹೊರೆ ಮತ್ತು ಕಾಯುವಿಕೆ: ದಕ್ಕೆಯ ದುಡಿಮೆಯನ್ನು ಕಲೆ ಕಂಡ ಬಗೆ

ಬಂದರಿನ ಹಮಾಲಿಗಳನ್ನು ಕುರಿತ ಕಲೆಯನ್ನು ನಾವು ಹೊರೆಯ ಕಲೆಯೆಂದೇ ಓದುತ್ತ ಬಂದಿದ್ದೇವೆ. ಬಾಗಿದ ಬೆನ್ನು, ಹೆಗಲ ಮೇಲಿನ ಮೂಟೆ ಇವೇ ಅದರ ವಸ್ತುವೆಂದುಕೊಂಡರೆ, ಕ್ರೇನೂ ಕಂಟೇನರೂ ಆ ಬೆನ್ನಿಗೆ ದೊರೆತ ಬಿಡುಗಡೆಯಾಗಿ ಕಾಣುವುದು ಸಹಜ. ಪ್ಯಾರಿಸಿನ ಒರ್ಸೆ ಸಂಗ್ರಹಾಲಯದಲ್ಲಿರುವ ಕ್ಲೋದ್ ಮೊನೆಯ ಚಿತ್ರ ಈ ಓದಿಗೆ ಒದಗುವ ಬಲವಾದ ಸಾಕ್ಷಿ. 1875ರ ಈ ಚಿತ್ರದಲ್ಲಿ ಸೇನ್ ನದಿಯ ದೋಣಿಗಳಿಂದ ದಡಕ್ಕೆ ಹಾಸಿದ ಹಲಗೆಗಳ ಮೇಲೆ ಕಲ್ಲಿದ್ದಲಿನ ಬುಟ್ಟಿ ಹೊತ್ತವರು ಸಾಲಾಗಿ ಸಾಗುತ್ತಾರೆ. ಮುಖಗಳು ಮಸುಕು, ಹೆಜ್ಜೆಗಳ ಅಂತರ ಹೆಚ್ಚುಕಡಿಮೆ ಒಂದೇ. ಯಂತ್ರ ಬರುವ ಮೊದಲೇ ಮನುಷ್ಯರು ಯಂತ್ರದ ಲಯಕ್ಕೆ ಒಗ್ಗಿದ್ದಾರೆ. ಇಂಥ ಕೆಲಸ ಯಂತ್ರದ ಪಾಲಾದರೆ ಯಾರು ತಾನೇ ಮರುಗಿಯಾರು?

ಆದರೆ ಜಾರ್ಜ್ ಬೆಲೋಸ್ 1912ರಲ್ಲಿ ರಚಿಸಿದ 'ಮೆನ್ ಆಫ್ ದಿ ಡಾಕ್ಸ್' ಚಿತ್ರ ಬೇರೆಯದೇ ಸಂಗತಿಯನ್ನು ಮುಂದಿಡುತ್ತದೆ. ಬ್ರೂಕ್ಲಿನ್ ದಕ್ಕೆಯ ಚಳಿಯಲ್ಲಿ ಗುಂಪುಗೂಡಿದವರ ಕೈಯಲ್ಲಿ ಸರಕಿಲ್ಲ. ಅವರು ದಿನಗೂಲಿಗಾಗಿ ಕಾದು ನಿಂತವರು. ಬೆಲೋಸ್‌ಗೆ ಬೇಕಾಗಿದ್ದುದು ಹಡಗಿನ ಗಾತ್ರ, ಹೊಳೆಯಾಚೆಯ ಮ್ಯಾನ್‌ಹಟನ್‌ನ ಕಟ್ಟಡಗಳು, ಚಳಿಗಾಲದ ಬೆಳಕು; ಕಾರ್ಮಿಕರು ಕೇವಲ ನೆಪ ಎಂದು ಆಕ್ಷೇಪಿಸಬಹುದು. ಅವನ ಉದ್ದೇಶ ಏನೇ ಇರಲಿ, ಇಷ್ಟು ದೊಡ್ಡ ಹಡಗಿನ ಪಕ್ಕದಲ್ಲೂ ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲದ ನಿಲುವನ್ನು ಅವನ ಕುಂಚ ಹಿಡಿದಿದೆ. ಬೆಲ್ಜಿಯಂನ ಶಿಲ್ಪಿ ಕಾನ್‌ಸ್ಟಂಟಿನ್ ಮ್ಯೂನ್ಯೆಯ ಕಂಚಿನ ಹಮಾಲಿಯೂ ಮೂಟೆಯಿಲ್ಲದೆ ನಿಂತವನೇ. ಆದರೆ ಸೊಂಟಕ್ಕೆ ಕೈಯಿಟ್ಟ ಅವನ ಒಂಟಿ ಗತ್ತಿನಲ್ಲಿ ದಿನಗೂಲಿಯ ಅನಿಶ್ಚಿತತೆ ಕರಗಿಹೋಗಿದೆ. ನನ್ನ ಮಟ್ಟಿಗೆ ಅದು ಕೊಂಚ ಅತಿಯಾದ ಗೌರವ.

ಕಾಯುವಿಕೆಯನ್ನು ಕೊನೆಗಾಣಿಸಿದ್ದೂ ಯಂತ್ರವೇ ಅಲ್ಲವೇ ಎಂದು ಕೇಳುವವರಿಗೆ ಅಮೆರಿಕದ ಪಶ್ಚಿಮ ಕರಾವಳಿಯ ಇತಿಹಾಸವೇ ಉತ್ತರ. ಅಲ್ಲಿ ದಕ್ಕೆಯ ಬಾಗಿಲಲ್ಲಿ ಆಳು ಆರಿಸುವ ಪದ್ಧತಿಯನ್ನು ಮುರಿದದ್ದು ದಕ್ಕೆ ಕಾರ್ಮಿಕರ 1934ರ ಮುಷ್ಕರ. ಕೆಲಸ ಹಂಚುವ ವ್ಯವಸ್ಥೆಯಲ್ಲಿ ಕಾರ್ಮಿಕ ಸಂಘಕ್ಕೆ ಪಾಲು ದೊರೆತದ್ದು ಅದರಿಂದ. ಕಂಟೇನರು ಬಂದದ್ದು ಆಮೇಲೆ: 58 ಕಂಟೇನರುಗಳನ್ನು ಹೊತ್ತ 'ಐಡಿಯಲ್-ಎಕ್ಸ್' ಹಡಗು ಪೂರ್ವ ಕರಾವಳಿಯ ನ್ಯೂವಾರ್ಕ್‌ನಿಂದ ಹೂಸ್ಟನ್‌ಗೆ ಹೊರಟದ್ದು 1956ರ ಏಪ್ರಿಲ್ 26ರಂದು, ಎರಡು ದಶಕಗಳ ಅನಂತರ. ಪಶ್ಚಿಮದಲ್ಲಿ 1960ರ ಒಪ್ಪಂದದಂತೆ ಸಂಘ ಯಂತ್ರಗಳನ್ನು ಒಪ್ಪಿಕೊಂಡದ್ದೂ ನಿವೃತ್ತಿ ಮತ್ತು ವೇತನದ ಖಾತರಿಗೆ ಪ್ರತಿಯಾಗಿಯೇ. ಯಂತ್ರ ಹೊರೆಯನ್ನು ಇಳಿಸಿತು, ನಿಜ. ಜೊತೆಗೆ ಗುಂಪಿನ ಅಗತ್ಯವನ್ನೂ ಕಳೆಯಿತು. ಗುಂಪೇ ಇಲ್ಲದ ದಕ್ಕೆಯ ದುಡಿಮೆಯನ್ನು ತೋರಿಸುವುದು ಹೇಗೆ? ಛಾಯಾಗ್ರಾಹಕ ಆಲನ್ ಸೆಕ್ಯುಲಾ ತನ್ನ 'ಫಿಶ್ ಸ್ಟೋರಿ'ಯಲ್ಲಿ ಎದುರಿಸಿದ ತೊಡಕು ಇದೇ. 1989ರಿಂದ 1995ರವರೆಗೆ ರಾಟರ್‌ಡ್ಯಾಮ್, ಉಲ್ಸಾನ್, ಹಾಂಗ್‌ಕಾಂಗ್‌ನಂಥ ಬಂದರುಗಳಲ್ಲಿ ಛಾಯಾಚಿತ್ರ ತೆಗೆದ ಆತ, ಆ ಚಿತ್ರಗಳ ಜೊತೆಗೆ ದೀರ್ಘ ಬರಹವನ್ನೂ ಇಟ್ಟ. ಬೆಲೋಸ್‌ನ ಕಾಲದಲ್ಲಿ ಕೆಲಸ ಸಿಗದವರೂ ದಕ್ಕೆಯ ಮೇಲೆಯೇ ನಿಂತಿರುತ್ತಿದ್ದರು, ಚಿತ್ರಕಾರನ ಕಣ್ಣಿಗೆ ಬೀಳುತ್ತಿದ್ದರು. ಕಂಟೇನರಿನ ಕಾಲದಲ್ಲಿ ಬೇಡವಾದವರು ಬಂದರಿನ ಬೇಲಿಯೊಳಗೆ ಬರುವುದೇ ಇಲ್ಲ. ಕ್ಯಾಮೆರಾ ಒಂದೇ ಅವರನ್ನು ಹುಡುಕಿ ತೋರಿಸಲಾರದು.